ನಂಬ್ದೆ ಬುಡು

ಮಕ್ಕಳೇ, ಕಳೆದ ಶ್ರಾವಣದಲ್ಲಿ ನಿಮ್ಮಜ್ಜಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಚರ್ಚಿನ ಮೊದಲನೇ ಬೆಂಚಿನಲ್ಲಿ ಕೂತಿರುವ ಫೋಟೋ ಯಾರದೋ ಮೊಬೈಲಿನಿಂದ ನಿಮ್ಮ ಕೈಗೆ ಬಂತಲ್ಲ, ಅದನ್ನು ನೋಡಿ ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನಾನು ಧೈರ್ಯ ಮಾಡಿ ಮುಂದೆ ಕೂತದ್ದಲ್ಲ. ಹಿಂದಿನ ಬೆಂಚುಗಳೆಲ್ಲ ತುಂಬಿದ್ದವು. ನಿಂತರೆ ಎಲ್ಲರೂ ನೋಡುತ್ತಾರೆ ಎಂಬ ನಾಚಿಕೆಗೆ ಕಂಡ ಜಾಗದಲ್ಲಿ ಕುಸಿದು ಕೂತೆ. ಆಮೇಲೆ ನೋಡಿದರೆ ಅದು ಎಲ್ಲರಿಗಿಂತ ಮುಂದಿನ ಜಾಗ. ಮತ್ತೆ ಅದು ಚರ್ಚು ಎನ್ನುವ ಹಾಗೂ ಇಲ್ಲ. ಮೊದಲು ಕೊಬ್ಬರಿ ಗೋಡೌನ್ ಆಗಿತ್ತು. ಈಗಲೂ ಮಳೆ ಬಿದ್ದ ದಿನ ಗೋಡೆಯಿಂದ ಕೊಬ್ಬರಿ ವಾಸನೆ ಏಳುತ್ತದೆ. ಪ್ರಾರ್ಥನೆ ಮಾಡುವವರಿಗೆ ಹಸಿವಾಗುತ್ತದೆ.

ಆ ಫೋಟೋದಲ್ಲಿ ನನ್ನ ಮುಂದೆ ಕಾಣುವ ಹೆಣದ ಪೆಟ್ಟಿಗೆಯೊಳಗೆ ಮಲಗಿದ್ದವರು ಯಾರು ಎಂದು ಕೇಳಿದಿರಿ. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ಹಳ್ಳಿ ಸ್ಕೂಲಿನಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಅವರ ಹೆಸರು ಬರೆಯುವುದಿಲ್ಲ. ಅವರಿಗೊಂದು ಹೆಸರಿತ್ತು ಎನ್ನುವುದನ್ನೇ ಊರು ಮರೆತಿತ್ತು. ಎಲ್ಲರಿಗೂ ಅವರು ಸಿಸ್ಟರಮ್ಮ.

ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿಗೆ ಸರ್ಕಾರ ಒಂದು ಹೆರಿಗೆ ಕೋಣೆ ಕಟ್ಟಿಸಿ, ಚಿಕ್ಕನಾಯಕನಹಳ್ಳಿಯಿಂದ ಅವರನ್ನು ನರ್ಸಾಗಿ ವರ್ಗ ಮಾಡಿತ್ತು. ನಿಮ್ಮ ಅಪ್ಪಂದಿರು, ಅತ್ತೆ, ಎಲ್ಲರನ್ನೂ ಈ ಲೋಕಕ್ಕೆ ಎಳೆದು ಹಾಕಿದ್ದು ಅವರದೇ ಕೈ. ನೋವಿನಲ್ಲಿ ಕೂಗಿಕೊಳ್ಳುವ ಹೆಂಗಸರಿಗೆ ಅವರು ಹೇಳುತ್ತಿದ್ದ ಒಂದು ಮಾತಿತ್ತು. ಅದನ್ನು ನಾನು ಇಲ್ಲಿ ಬರೆಯಲಾರೆ. ನಿಮಗೆ ಮದುವೆಯಾದ ಮೇಲೆ ಯಾರಾದರೂ ಹೇಳುತ್ತಾರೆ. ನಾನು ಮೊದಲ ಹೆರಿಗೆಯಲ್ಲಿ ಕೂಗಲೂ ನಾಚಿಕೊಂಡು ತುಟಿ ಕಚ್ಚಿ ಮಲಗಿದ್ದಾಗ, "ಲೇ ಮೂಗಿ, ಬಾಯ್ಬುಟ್ಟು ಕೂಗೇ! ಮಗ ಹುಟ್ಟಿದ್ದು ಊರ್ಗೆ ಗೊತ್ತಾಗ್ಬ್ಯಾಡ್ವಾ?" ಎಂದು ಬೈದರು. ಅವತ್ತಿನಿಂದ ನಾನು ಅವರಿಗೆ ಮೂಗಿಯೇ.

ಕಪ್ಪಗೆ, ಗಟ್ಟಿಯಾಗಿ, ಕುಳ್ಳಗೆ ಇದ್ದರು. ಮೂಗಿಗೆ ನಶ್ಯ ಏರಿಸುತ್ತಿದ್ದರು. ಚೌಕಾಬಾರದಲ್ಲಿ ಕವಡೆ ಉರುಳುವ ಮೊದಲೇ ಕಾಯಿ ನಡೆಸಿಬಿಡುತ್ತಿದ್ದರು. ನಮ್ಮ ಹಿತ್ತಲಿನ ಕರಿಬೇವನ್ನು ಕೇಳದೆ ಕಿತ್ತುಕೊಂಡು ಹೋಗಿ, ಸಾರು ಮಾಡಿ, "ಕರಿಬೇವು ಚೆನ್ನಾಗಿಲ್ಲ ಕಣೇ ನಿಮ್ದು" ಎಂದು ದೂರುತ್ತಿದ್ದರು. ಪಟ್ಟಣದ ಚರ್ಚಿನಲ್ಲಿ ಗುರುಗಳ ಪ್ರಸಂಗ ಉದ್ದವಾದರೆ ತಮ್ಮ ನಾಡಿ ತಾವೇ ಹಿಡಿದು ಗಡಿಯಾರ ನೋಡುತ್ತಾ ಕೂರುತ್ತಿದ್ದರಂತೆ. ಏನಮ್ಮಾ ಅದು ಎಂದು ಅಯ್ಯನವರು ಕೇಳಿದ್ದಕ್ಕೆ, "ಇನ್ನೂ ಜೀವ ಐತಾ ಅಂತ ನೋಡ್ಕಂತಿದ್ದೆ ಅಯ್ನೋರೆ" ಎಂದರಂತೆ.

ಈ ಅಯ್ನೋರು ಎಂಬ ಮಾತಿನಿಂದ ನಮ್ಮ ಮನೆಯಲ್ಲಿ ಒಂದು ದೊಡ್ಡ ಅನಾಹುತವಾಯಿತು. ನಮ್ಮಲ್ಲಿ ಅಯ್ನೋರು ಎಂದರೆ ಜಂಗಮರು. ಮನೆಗೆ ಬಂದರೆ ಪಾದ ತೊಳೆದು ಒಳಗೆ ಕರೆಯಬೇಕು. ಅವರಲ್ಲಿ ಚರ್ಚಿನ ಗುರುಗಳಿಗೂ ಅಯ್ನೋರು ಎನ್ನುತ್ತಾರೆ ಎಂದು ನಮಗೇನು ಗೊತ್ತು? ಒಂದು ದಿನ ಸಿಸ್ಟರಮ್ಮ ಬೇಲಿಯ ಆಚೆಯಿಂದ, "ಮೂಗೀ, ಅಯ್ನೋರು ಬಂದವ್ರೆ, ಒಂದು ಲೋಟ ಹಾಲು ಕೊಡೇ" ಎಂದು ಕೂಗಿದರು. ನನಗಿಂತ ಮುಂಚೆ ನನ್ನ ಅತ್ತೆ ತಂಬಿಗೆ ನೀರು, ತಟ್ಟೆ ಹಿಡಿದು ಓಡಿದರು. ಬಿಳಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದ ಮುದುಕರ ಎರಡೂ ಕಾಲನ್ನು ತಟ್ಟೆಯಲ್ಲಿಟ್ಟು ತೊಳೆದು, ಆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡು, "ಯಾವ ಮಠ ಬುದ್ಧೀ? ನೊಣವಿನಕೆರೆಯಾ, ಹಾಲ್ಕುರಿಕೆಯಾ?" ಎಂದು ಕೇಳಿದರು. ಅಯ್ಯನವರು ಬೆವರಿ ನೀರಾಗಿ, "ನಾನು ತಿಪಟೂರಿನ ಚರ್ಚಿನವನು, ತಾಯಿ" ಎಂದರು. ಅತ್ತೆ ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿದರು. ಆಮೇಲೆ, "ಆದದ್ದು ಆಯ್ತು. ಕಾಲಂತೂ ಕಿಲೀನಾಯ್ತಲ್ಲ ಬುಡಿ" ಎಂದು ಎದ್ದರು. ಸಿಸ್ಟರಮ್ಮ ನುಗ್ಗೆಮರ ಹಿಡಿದುಕೊಂಡು ನಗುತ್ತಿದ್ದರು.

ಅವರ ಗಂಡ ಲಾರಿ ಡ್ರೈವರು. ತಿಪಟೂರಿನಿಂದ ದೆಹಲಿಗೆ ಕೊಬ್ಬರಿ ಹೊಡೆಯುತ್ತಿದ್ದ. ಸಿಸ್ಟರಮ್ಮ ಕೂಡ ಅವನನ್ನು 'ನಮ್ ಡ್ರೈವರು' ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೇ ಬರೆಯುತ್ತೇನೆ. ನೋಡಲು ಚೆಂದ, ಹಾಡಲು ಚೆಂದ, ಕುಡಿದರೆ ಯಾವುದೂ ಚೆಂದವಿಲ್ಲ. ಹೋದರೆ ಯಾವಾಗ ಬರುತ್ತಾನೆ ಎಂದಿಲ್ಲ, ಬಂದರೆ ಯಾವ ಸ್ಥಿತಿಯಲ್ಲಿ ಬರುತ್ತಾನೆ ಎಂದಿಲ್ಲ. ಸಿಸ್ಟರಮ್ಮ ಬಾಗಿಲು ಹಾಕಿಕೊಂಡರೆ ಹೊರಗೆ ಕೂತು ಕೀರ್ತನೆ ಹಾಡುತ್ತಿದ್ದ. ಚರ್ಚಿನದೇ ಕೀರ್ತನೆ, ಚಿಕ್ಕಂದಿನಲ್ಲಿ ಕಲಿತದ್ದು. ಹಾಡು ಮುಗಿಯುವುದರೊಳಗೆ ಬಾಗಿಲು ತೆರೆಯುತ್ತಿತ್ತು.

ಅವನ ಬಾಯಲ್ಲಿ ಸದಾ ಒಂದೇ ಮಾತು: 'ನಂಬ್ದೆ ಬುಡು.' ಸಂಬಳ ಬಂದಿಲ್ಲ ಎಂದು ಹೆಂಡತಿ ಹೇಳಿದರೆ, ನಂಬ್ದೆ ಬುಡು. ಕೋಳಿ ಮೊಟ್ಟೆ ಇಟ್ಟಿಲ್ಲ ಎಂದರೆ, ನಂಬ್ದೆ ಬುಡು. ನಮ್ಮ ಸೀಮೆಯ ಮಾತು ನಿಮಗೆ ಗೊತ್ತಲ್ಲ. ಪುಸ್ತಕದಲ್ಲಿ ಬರೆದರೆ ಅದು 'ನಂಬಿದೆ, ಬಿಡು.' ಬಾಯಲ್ಲಿ ಹೇಳಿದರೆ, 'ನಿನ್ನ ಈ ಸುಳ್ಳು ಯಾರ ಹತ್ತಿರ?' ಎಂದು.

ಕಡೆಗೆ ಕುಡಿತ ತನ್ನ ಕೆಲಸ ಮಾಡಿತು. ಕಣ್ಣು ಹಳದಿಯಾಗಿ, ಹೊಟ್ಟೆ ಊದಿ, ಡ್ರೈವರು ಮಂಚ ಹಿಡಿದ. ದೊಡ್ಡಾಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವತ್ತು ಬೆಳಿಗ್ಗೆ ಪಕ್ಕದ ಹಳ್ಳಿಯಿಂದ ಒಂದು ಕಷ್ಟದ ಹೆರಿಗೆಗೆ ಕರೆ ಬಂತು. ಸಿಸ್ಟರಮ್ಮ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತರು. ಗಂಡನನ್ನು ನೋಡಿದರು, ನನ್ನನ್ನು ನೋಡಿದರು. "ಇವ್ನು ಮಧ್ಯಾಹ್ನದವರ್ಗೂ ತಡೀತಾನೆ. ಆ ಹುಡುಗಿ ತಡಿಯಾಕಿಲ್ಲ. ಕೂತಿರೇ ಮೂಗಿ" ಎಂದು ಹೊರಟರು.

ನಾನು ಮಂಚದ ಕಾಲ ಹತ್ತಿರ ಕೂತೆ. ಸ್ವಲ್ಪ ಹೊತ್ತಿಗೆ ಗೋಡೌನ್ ಸಭೆಯ ಪಾಸ್ಟರು ಗಾಡಿ ನಿಲ್ಲಿಸಿ ಒಳಗೆ ಬಂದರು. ಆಗ ಅವರಿನ್ನೂ ಹುಡುಗ. ಕೋಲಾರದ ಕಡೆಯವರು, ಮನೆಮಾತು ತೆಲುಗು. ಅವರಾಡುತ್ತಿದ್ದ ಕನ್ನಡ ಪಾಠದ ಪುಸ್ತಕ ಓದಿದ ಹಾಗಿರುತ್ತಿತ್ತು. ಕೈ ಮಾತ್ರ ಕಲ್ಲು ಒಡೆಯುವವರ ಕೈಯಷ್ಟು ದಪ್ಪ. ಆ ಕೈಯನ್ನು ಡ್ರೈವರ ತಲೆಯ ಮೇಲೆ ಊರಿ, ಕಣ್ಣು ಮುಚ್ಚಿ, ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ದನಿ ಏರಿದ ಹಾಗೆಲ್ಲ ದಿಂಬು ಒಳಗೆ ಹೋಗುತ್ತಿತ್ತು. ಆಮೇಲೆ ಬಗ್ಗಿ, "ಅಣ್ಣಾ, ಯೇಸು ಸ್ವಾಮಿ ನಿಮ್ಮ ಪಾಪಗಳಿಗಾಗಿ ಪ್ರಾಣ ಕೊಟ್ಟರು. ನಂಬುತ್ತೀರಾ?" ಎಂದು ಕೇಳಿದರು.

ಡ್ರೈವರು ಕಣ್ಣು ತೆರೆಯಲಿಲ್ಲ. "ನಂಬ್ದೆ" ಎಂದ. ಉಸಿರು ಎಳೆದುಕೊಂಡ. "ಬುಡು" ಎಂದ.

ಮತ್ತೆ ಮಾತಾಡಲಿಲ್ಲ. ಪಾಸ್ಟರು ಹಾಗೇ ಕೈ ಊರಿಕೊಂಡು ಸ್ತೋತ್ರ ಹೇಳುತ್ತಲೇ ಇದ್ದರು. ಹೇಳುತ್ತಿರುವಾಗಲೇ ಜೀವ ಹೋಯಿತು.

ಸಿಸ್ಟರಮ್ಮ ಬಂದಾಗ ಬಿಸಿಲು ಇಳಿಯುತ್ತಿತ್ತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ನನಗೆ ಹೇಳಿದರು. ಕಾರ್ಬಾಲಿಕ್ ಸೋಪಿನಲ್ಲಿ ಮೊಣಕೈವರೆಗೆ ತೊಳೆದುಕೊಂಡರು. ಆಮೇಲೆ ಗಂಡನ ಕೈ ಹಿಡಿದು ನಾಡಿ ನೋಡಿದರು. ಅಭ್ಯಾಸ. "ಏನಾರ ಅಂದ್ನಾ?" ಎಂದರು.

ಪಾಸ್ಟರ ಕಣ್ಣಲ್ಲಿ ನೀರು. "ಅಮ್ಮಾ, ಹಲ್ಲೆಲೂಯ, ಅವರು ನಂಬಿದರು! ರಕ್ಷಣೆ ಹೊಂದಿದರು!"

"ನಿನ್ನ ಮಾತ್ನಾಗೆ ಬ್ಯಾಡಪ್ಪ. ಅವ್ನ ಮಾತ್ನಾಗೆ ಹೇಳು."

"'ನಂಬಿದೆ, ಬಿಡು' ಎಂದರು."

ಸಿಸ್ಟರಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಅವರು ಮಂಚದ ಅಂಚಿನ ಮೇಲೆ ಕೂತು ನಗಲು ಶುರು ಮಾಡಿದರು. ಹೆಣದ ಪಕ್ಕ ಕೂತು ಹಾಗೆ ನಕ್ಕವರನ್ನು ನಾನು ಮತ್ತೆ ನೋಡಿಲ್ಲ. ನಗುತ್ತ ನಗುತ್ತ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಆನಂದಬಾಷ್ಪ ಎಂದುಕೊಂಡು ಪಾಸ್ಟರು ಇನ್ನೊಂದು ಸ್ತೋತ್ರ ಹೇಳಿದರು.

ಮಣ್ಣು ಮಾಡಿದ್ದು ತಿಪಟೂರಿನ ಅಯ್ಯನವರು. ಅವರು ಗುಂಡಿಯ ಹತ್ತಿರ ನಿಂತು, ಈತ ರಕ್ಷಣೆ ಹೊಂದಿದ್ದಾನೆ ಎಂದು ಹೇಳಲಿಲ್ಲ. "ಕರ್ತನೇ, ಇವನನ್ನು ನಿನ್ನ ಕರುಣೆಗೆ ಒಪ್ಪಿಸುತ್ತೇವೆ" ಎಂದು ಮುಗಿಸಿದರು. ಸಿಸ್ಟರಮ್ಮನಿಗೆ ಅದು ನಾಟಿತು. "ಅಂಚೆ ಡಬ್ಬಕ್ಕೆ ಹಾಕ್ದಂಗೆ ಹಾಕ್ಬುಟ್ರಲ್ಲೇ ಮೂಗಿ. ತಲುಪ್ತೋ ಇಲ್ವೋ ಕೇಳಂಗಿಲ್ಲ" ಎಂದು ದಾರಿಯುದ್ದಕ್ಕೂ ಗೊಣಗಿದರು.

ಅಲ್ಲಿಂದ ಶುರುವಾಯಿತು ನೋಡಿ, ಭಾನುವಾರದ ಜಗಳ. ಆರಾಧನೆ ಮುಗಿಸಿ ತಿಪಟೂರಿನಿಂದ ಬಸ್ಸಿನಲ್ಲಿ ಅಯ್ಯನವರು, ಗೋಡೌನಿನಿಂದ ಪಾಸ್ಟರು, ಇಬ್ಬರೂ ಸಿಸ್ಟರಮ್ಮನ ಅಂಗಳಕ್ಕೆ ಬರುವರು. ಡ್ರೈವರ ಆತ್ಮಕ್ಕಾಗಿ ಬರುತ್ತಿದ್ದರೋ ಸಿಸ್ಟರಮ್ಮನ ನಾಟಿಕೋಳಿ ಸಾರಿಗಾಗಿ ಬರುತ್ತಿದ್ದರೋ ಆ ದೇವರೇ ಬಲ್ಲ. ನಾನು ಗಾಳಿ ಬರುವ ದಿಕ್ಕಿಗೆ, ಸಾರಿನ ವಾಸನೆ ತಾಕದ ಹಾಗೆ ನುಗ್ಗೆಮರದ ಬುಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದೆ. ಅವರ ಧರ್ಮದ ವಿಷಯ ನನಗೆ ತಿಳಿದಿರುವುದೆಲ್ಲ ಆ ಅವರೆಕಾಯಿಯ ಜೊತೆ ಸುಲಿದದ್ದು.

ಪಾಸ್ಟರದು ಒಂದೇ ಮಾತು. ನಂಬಿಕೆ ಸಾಕು, ನಂಬಿದ ಗಳಿಗೆಯೇ ರಕ್ಷಣೆ, ಮನುಷ್ಯ ತನ್ನ ಕೈಯಿಂದ ಅದಕ್ಕೆ ಏನೂ ಸೇರಿಸಬೇಕಾಗಿಲ್ಲ. ಅಯ್ಯನವರದು ಇನ್ನೊಂದು. ಬರೀ ಬಾಯಲ್ಲಿ ನಂಬಿದೆ ಎಂದರೆ ಆಗಲಿಲ್ಲ, ಮೊದಲು ಪಶ್ಚಾತ್ತಾಪ ಬೇಕು, ಆಮೇಲೆ ಬದುಕು ಬದಲಾಗಿ ಪರಿಶುದ್ಧವಾಗಬೇಕು. ಪರಿಶುದ್ಧತೆ ಇಲ್ಲದವನು ದೇವರನ್ನು ಕಾಣುವುದಿಲ್ಲ.

"ಪಶ್ಚಾತ್ತಾಪನಾ ಅಯ್ನೋರೆ?" ಸಿಸ್ಟರಮ್ಮ ಮುದ್ದೆ ಬಡಿಸುತ್ತಾ ಕೇಳುವರು. "ಅದು ಧಾರಾಳವಾಗಿತ್ತು ಅವ್ನತ್ರ. ದಿನಾ ಬೆಳಿಗ್ಗೆ ನನ್ ಕಾಲ್ ಹಿಡ್ಕಂಡು ಅಳ್ತಿದ್ದ. ಸಾಯಂಕಾಲದ ಹೊತ್ಗೆ ಹುಳಿ ಬಂದ್ಬುಡಾದು."

"ಅದು ಪಶ್ಚಾತ್ತಾಪ ಅಲ್ಲಮ್ಮ, ತಲೆನೋವು" ಎಂದರು ಅಯ್ಯನವರು. ಅವರಿಗೂ ಬಾಯಿತ್ತು.

ಪಾಸ್ಟರು ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನನ್ನು ಎಳೆದು ತಂದರು. ಅವನು ಸಾಯುವ ಹೊತ್ತಿನಲ್ಲಿ ನಂಬಿದ, ಅವತ್ತೇ ಪರದೈಸು, ಅಂದರೆ ಅವರ ಸ್ವರ್ಗ, ಸೇರಿದ. ಒಂದು ದಿನವಾದರೂ ಪರಿಶುದ್ಧವಾಗಿ ಬದುಕಲು ಅವನಿಗೆ ಸಮಯವೆಲ್ಲಿತ್ತು?

"ಸರಿ ಕಣಪ್ಪ. ಆ ಕಳ್ಳನ ಹೆಂಡ್ತಿ ಏನಂದ್ಲು ಅಂತ ಯಾರಾರ ಬರ್ದವ್ರಾ?"

ಬರೆದಿಲ್ಲವಂತೆ.

ಒಂದು ಭಾನುವಾರ ಅಯ್ಯನವರು ನಮ್ಮ ಅತ್ತೆಗೂ ಅರ್ಥವಾಗಲಿ ಎಂದು ಕೊಬ್ಬರಿಯ ಉಪಮೆ ಹೇಳಿದರು. ಕಾಯಿಯನ್ನು ಅಟ್ಟಕ್ಕೆ ಹಾಕಿದ ದಿನವೇ ಅದು ಕೊಬ್ಬರಿಯಾಗುತ್ತದೆಯೇ? ತಿಂಗಳುಗಟ್ಟಲೆ ಒಳಗಿನ ನೀರು ಬತ್ತಬೇಕು, ತಿರುಳು ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಅದೇ ಪರಿಶುದ್ಧತೆ. ಪಾಸ್ಟರು ಬಿಡುತ್ತಾರೆಯೇ? "ಅಟ್ಟಕ್ಕೆ ಹಾಕಿದ ಮೇಲೆ ಯಜಮಾನ ಅದನ್ನು ಎಳನೀರು ಎಂದು ಮಾರುವುದಿಲ್ಲವಲ್ಲ. ಏರಿಸಿದ ದಿನವೇ ಅದು ಕೊಬ್ಬರಿಯ ಲೆಕ್ಕ" ಎಂದರು. "ಇಬ್ರೂ ಸರಿ" ಎಂದರು ಸಿಸ್ಟರಮ್ಮ. "ಅಟ್ಟದಾಗೆ ಅದ್ನ ಕೊರ್ಯೋ ಇಲಿ ಯಾರು ಅಂತ ಹೇಳ್ರಪ್ಪ ಮೊದ್ಲು." ಇಲಿ ಸೈತಾನನೋ, ಲೋಕದ ಆಶೆಯೋ, ಎಂದು ಇಬ್ಬರಿಗೂ ಇನ್ನೊಂದು ಜಗಳ ಹತ್ತಿತು. ಅತ್ತೆ ಇದನ್ನೆಲ್ಲ ಕೇಳಿ, "ಪರಿಶುದ್ಧ ಅಂದ್ರೆ ಮಡಿ ತಾನೆ? ಅದ್ಕೆ ಎರಡು ಬಿಂದ್ಗೆ ನೀರು ಸಾಕಲ್ರೀ! ಜೀವಮಾನ ಯಾಕೆ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ಅತ್ತೆಯ ಪಿಸುಮಾತು ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು.

ನನ್ನ ಪಾಲಿಗೆ ಅತಿ ಕೆಟ್ಟ ಭಾನುವಾರ ಎಂದರೆ ಸಿಸ್ಟರಮ್ಮ ನನ್ನನ್ನು ಸಾಕ್ಷಿಗೆ ಕರೆದದ್ದು. "ಇವ್ಳು ಕೇಳ್ಸಿಕೊಂಡವ್ಳೆ. ಲೇ ಮೂಗಿ, ಅವ್ನು ಹೆಂಗಂದ ಅಂತ ಅಂಗೇ ಅಂದ್ ತೋರ್ಸೇ" ಎಂದರು. ಇಬ್ಬರು ಗಂಡಸರು, ಅದರಲ್ಲೂ ಗುರುಗಳು, ನನ್ನ ಬಾಯನ್ನೇ ನೋಡುತ್ತಿದ್ದಾರೆ. ಸೆರಗನ್ನು ಬಾಯಿಗೆ ಹಿಡಿದುಕೊಂಡು, ನೆಲ ನೋಡುತ್ತಾ, "ನಂಬ್ದೆ... ಬುಡು" ಎಂದೆ.

"ಅಂಗಲ್ಲ ಕಣೇ. ಅವ್ನಂಗೆ ಅನ್ನು, ಒಸಿ ಎಳೆದು."

ಇನ್ನೊಮ್ಮೆ ಅಂದೆ. ಪಾಸ್ಟರು ಕಣ್ಣು ಮುಚ್ಚಿ ಆಮೆನ್ ಎಂದರು. ಅಯ್ಯನವರು ತಲೆ ಆಡಿಸಿ, "ಈ ತಾಯಿ ಬೈಗುಳ ಬೈದರೂ ಪ್ರಾರ್ಥನೆ ಹಾಗೇ ಕೇಳುತ್ತೆ. ಈ ಸಾಕ್ಷಿ ನಡೆಯಲ್ಲ" ಎಂದರು.

ಇಷ್ಟೆಲ್ಲ ತಮಾಷೆ ಮಾಡುತ್ತಿದ್ದವರಿಗೆ ಒಳಗೇನಿತ್ತು ಎಂದು ನನಗೆ ಗೊತ್ತಾದದ್ದು ನಿಮ್ಮ ತಾತ ತೀರಿಕೊಂಡ ವರ್ಷ. ಎಲ್ಲರೂ ಬಂದು ಸಮಾಧಾನ ಹೇಳಿದರು. ಸಿಸ್ಟರಮ್ಮ ಬಂದು ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆದರು. ಒಂದು ಮಧ್ಯಾಹ್ನ ತೋಟದಲ್ಲಿ ಇಬ್ಬರೇ ಒಣಗಿದ ಗರಿ ಎಳೆಯುತ್ತಿದ್ದೆವು. "ನಿಂದೇ ಸಲೀಸು ಕಣೇ" ಎಂದರು ಇದ್ದಕ್ಕಿದ್ದ ಹಾಗೆ. "ನಿಮ್ಮಲ್ಲಿ ಸತ್ತೋರೆಲ್ಲ ಐಕ್ಯ. ವಿಚಾರಣೆನೇ ಇಲ್ಲ, ತೀರ್ಪು ಆಗೋಯ್ತು. ನಮ್ಮಲ್ಲಿ ಗಂಡ ಸತ್ರೆ ಹೆಂಡ್ತಿ ಕೋರ್ಟ್ ಅಲೀಬೇಕು."

ನಾನು ನಕ್ಕೆ. ಅವರು ನಗಲಿಲ್ಲ.

"ಅವ್ನು ಅಲ್ಲಿದ್ರೆ ನಾನು ಅಲ್ಲೂ ಬಾಗ್ಲು ತಗೀಬೇಕಾಯ್ತದೆ ಅಂತ ಎಲ್ಲರ್ ಮುಂದೆ ಅಂತೀನಲ್ಲ, ನಿಜ ಅಲ್ಲ ಕಣೇ. ಅವ್ನು ಇಲ್ದಿದ್ರೆ ನಂಗೆ ಆ ಜಾಗ ಬ್ಯಾಡ. ಅವ್ನು ನಂಬ್ದ್ನೋ, ಆಡ್ಕಂಡ್ನೋ, ಅಷ್ಟು ಗೊತ್ತಾದ್ರೆ ಸಾಕಿತ್ತು." ಗರಿಯನ್ನು ಜೋರಾಗಿ ಎಳೆದರು. "ಸಾಯಾವಾಗ್ಲೂ ಒಂದು ಮಾತ ನೆಟ್ಗೆ ಆಡ್ಲಿಲ್ಲ, ಬೇವರ್ಸಿ."

ಪಾಸ್ಟರು ಮಾತ್ರ ಗೋಡೌನಿನಲ್ಲಿ ಡ್ರೈವರ ಕಥೆಯನ್ನು ದೊಡ್ಡ ಸಾಕ್ಷಿಯಾಗಿ ಹೇಳುತ್ತಲೇ ಬಂದರು. "ಸಾಯುವ ಗಳಿಗೆಯಲ್ಲಿ ಆ ಸಹೋದರನು 'ನಂಬಿದೆ ಬಿಡು' ಎಂದನು!" ಎಂದು ಕೈಯೆತ್ತಿದರೆ ಹಿಂದಿನ ಸಾಲಿನವರು ಬಾಯಿಗೆ ಬಟ್ಟೆ ಒತ್ತಿಕೊಳ್ಳುತ್ತಿದ್ದರು. ಆತ್ಮದ ಆನಂದ ಎಂದು ಪಾಸ್ಟರು ತಿಳಿದಿದ್ದರು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪಾಸ್ಟರಿಗೆ ಅದು ಗೊತ್ತಾದದ್ದು ತುರುವೇಕೆರೆ ಸಂತೆಯಲ್ಲಿ. ಸೊಪ್ಪು ಮಾರುವ ಹೆಂಗಸಿಗೆ ಪಾಸ್ಟರು, "ಚೀಲ ಇಲ್ಲೇ ಇಟ್ಟಿರಮ್ಮ, ಈಗ ಬಂದು ಖಂಡಿತ ತೆಗೆದುಕೊಂಡು ಹೋಗುತ್ತೇನೆ" ಎಂದರಂತೆ. ಅವಳು ಮುಖ ತಿರುಗಿಸಿ, "ನಂಬ್ದೆ ಬುಡಿ" ಎಂದಳಂತೆ. ಪಕ್ಕದ ಈರುಳ್ಳಿಯವನು ನಕ್ಕನಂತೆ. ಪಾಸ್ಟರು ಸೊಪ್ಪನ್ನೂ ಬಿಟ್ಟು ಸೀದಾ ಸಿಸ್ಟರಮ್ಮನ ಅಂಗಳಕ್ಕೆ ಬಂದರು. ನಾನು ಅಲ್ಲೇ ಇದ್ದೆ. ಅವರ ಮುಖ ನೋಡಿ, ಊರಲ್ಲಿ ಯಾರೋ ಹೋದರು ಎಂದುಕೊಂಡೆ.

"ಅಮ್ಮಾ, ಆ ಮಾತಿಗೆ ನಿಮ್ಮ ಕಡೆ ಹಾಗೆ ಅರ್ಥವೇ?"

"ಹೂಂ ಕಣಪ್ಪ."

"ನಿಮಗೆ ಅವತ್ತೇ ಗೊತ್ತಿತ್ತೇ?"

"ಗೊತ್ತಿತ್ತು."

"ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಸಿಸ್ಟರಮ್ಮ ನಶ್ಯದ ಡಬ್ಬಿ ತೆಗೆದರು, ಮತ್ತೆ ಮುಚ್ಚಿದರು. "ಊರ್ನಾಗೆ ನೀನೊಬ್ನಾದ್ರೂ ಅವ್ನು ಹೋಗಿ ಸೇರ್ದ ಅಂತಿದ್ದೆಯಲ್ಲಪ್ಪ. ಅದ್ನೂ ಯಾಕೆ ಕೆಡ್ಸನ ಅಂತ."

ಮುಂದಿನ ಭಾನುವಾರ ಒಂದು ವಿಚಿತ್ರ ನಡೆಯಿತು. ಪಾಸ್ಟರು ತಟ್ಟೆಯಲ್ಲಿ ಬೆರಳಾಡಿಸುತ್ತಾ, ಪಶ್ಚಾತ್ತಾಪವಿಲ್ಲದ ನಂಬಿಕೆ ನಂಬಿಕೆಯೇ ಅಲ್ಲವೇನೋ ಎಂದರು. ಅಯ್ಯನವರು ಗೆದ್ದಿದ್ದರು. ಸಂತೋಷಪಡಬೇಕಿತ್ತು. ಅವರು ಸಿಸ್ಟರಮ್ಮನ ಮುಖ ನೋಡಿದರು. ಕೆಮ್ಮಿ, "ಹಾಗೇನಿಲ್ಲ ತಮ್ಮಾ. ದೇವರ ಕೃಪೆಗೆ ನಮ್ಮ ವ್ಯಾಕರಣ ಬೇಕಾಗಿಲ್ಲ. ಆಡಿಕೊಂಡು ಅಂದವನನ್ನೂ ಅವನು ಮಾತಿಗೆ ಹಿಡಿದು ಒಳಗೆ ಎಳೆದುಕೊಳ್ಳಬಹುದು" ಎಂದರು. "ಹಾಗಾದರೆ ಪರಿಶುದ್ಧತೆ?" ಎಂದು ಪಾಸ್ಟರು ರೇಗಿದರು. ಒಂದೇ ವಾರದಲ್ಲಿ ಇಬ್ಬರೂ ಪಕ್ಷ ಬದಲಾಯಿಸಿಬಿಟ್ಟಿದ್ದರು, ನಮ್ಮ ಎಮ್ಮೆಲ್ಲೆಗಳ ಹಾಗೆ. ಸಿಸ್ಟರಮ್ಮ ಸಾರಿನ ಸೌಟು ಹಿಡಿದು ಮಧ್ಯೆ ನಿಂತಿದ್ದರು. "ಇಬ್ರೂ ಸೇರಿ ಒಂದಿನ ಒಂದ್ಕಡೆ ನಿಂತ್ಕಳ್ರಪ್ಪ, ನಂಗೆ ಕತ್ತು ನೋಯ್ತದೆ" ಎಂದರು.

ಆಮೇಲೆ ಅಯ್ಯನವರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಹೊರಡುವ ದಿನ ನಮ್ಮ ಮನೆಗೂ ಬಂದಿದ್ದರು. ಅತ್ತೆಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ಯಾರು ಎಂದರು. ಅಯ್ನೋರು ಎಂದೆ. "ನೀರು ತತ್ತಾರೇ" ಎಂದರು. ಈ ಸಲ ಬೇಕೆಂದೇ.

ಸಿಸ್ಟರಮ್ಮನೂ ಮುದುಕಿಯಾದರು. ಮಂಡಿ ಹಿಡಿಯಿತು, ಎದೆ ಹಿಡಿಯಿತು, ಬಾಯಿ ಮಾತ್ರ ಹಿಡಿಯಲಿಲ್ಲ. ಪಾಸ್ಟರ ತಲೆಯೂ ನೆರೆಯಿತು. ಈಗ ಅವರು ನಮ್ಮ ಹಾಗೇ 'ಬತ್ತೀನಿ', 'ಹೋಯ್ತೀನಿ' ಎನ್ನುತ್ತಾರೆ. ಕಳೆದ ಶ್ರಾವಣದಲ್ಲಿ ಸಿಸ್ಟರಮ್ಮ ಮಂಚ ಹಿಡಿದರು. ಅದೇ ಮಂಚ. ನಾನು ಅದೇ ಕಾಲ ಹತ್ತಿರ ಕೂತಿದ್ದೆ. ಬೆಳಿಗ್ಗೆ ಹತ್ತರ ಬಸ್ಸು ಹೋದ ಮೇಲೆ ಪಾಸ್ಟರು ಬಂದರು. ತಲೆಯ ಮೇಲೆ ಆ ದಪ್ಪ ಕೈ ಊರಿ, ಕಣ್ಣು ಮುಚ್ಚಿ, ಪ್ರಾರ್ಥನೆ ಶುರು ಮಾಡಿದರು. ವಯಸ್ಸಾದರೂ ಪ್ರಾರ್ಥನೆ ಚಿಕ್ಕದಾಗಿರಲಿಲ್ಲ. ಮುಗಿಯಿತು. ಮುಂದಿನದನ್ನು ಕೇಳಲು ಅವರಿಗೆ ಬಾಯಿ ಬರಲಿಲ್ಲ.

ಸಿಸ್ಟರಮ್ಮ ಒಂದು ಕಣ್ಣು ತೆರೆದರು. "ಕೇಳಾಕಿಲ್ವೇನಪ್ಪ?"

"ಏನಮ್ಮಾ?"

"ಅದೇ. ಅವ್ನ ಕೇಳಿದ್ದು."

ಪಾಸ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಕಡೆಗೆ, "ಅಮ್ಮಾ, ಸ್ವಾಮಿ ನಿಮಗೋಸ್ಕರ ಪ್ರಾಣ ಕೊಟ್ಟರು. ನಂಬ್ತೀರಾ?" ಎಂದರು.

"ನಂಬ್ದೆ" ಎಂದರು ಸಿಸ್ಟರಮ್ಮ. ಉಸಿರು ಎಳೆದುಕೊಂಡರು. "ಬುಡು."

ಪಾಸ್ಟರ ಮುಖ ಬಿಳಿಚಿಕೊಂಡಿತು. ಸಾಯುವಾಗಲೂ ಈ ಹೆಂಗಸಿಗೆ ತಮಾಷೆಯೇ ಎಂದುಕೊಂಡೆ. ಸಿಸ್ಟರಮ್ಮ ಎರಡೂ ಕಣ್ಣು ತೆರೆದು ಗದರಿದರು:

"ಬುಡಪ್ಪ ಅಂದ್ರೆ! ಕೈ ತಗಿ! ಎಳ್ನೀರ್ ಗೊನೆ ಮಡಗ್ದಂಗೈತೆ ತಲೆ ಮ್ಯಾಲೆ. ಉಸ್ರಾಡಾಕೆ ಆಯ್ತಿಲ್ಲ."

ಪಾಸ್ಟರು ಸುಟ್ಟವರ ಹಾಗೆ ಕೈ ಎಳೆದುಕೊಂಡರು. ಎಳೆದುಕೊಂಡು ತಮ್ಮ ಅಂಗೈಯನ್ನೇ ನೋಡುತ್ತಾ ನಿಂತರು. ಸಿಸ್ಟರಮ್ಮನೂ ಆ ಕೈಯನ್ನೇ ನೋಡುತ್ತಿದ್ದರು.

"ಲೇ ಮೂಗಿ."

"ಹೂಂ."

"ಅವತ್ತೂ ಇವ್ನು ಹಿಂಗೇ ಕೈ ಮಡಗಿದ್ನಾ, ನಮ್ ಡ್ರೈವರ್ ತಲೆ ಮ್ಯಾಲೆ?"

"ಮಡಗಿದ್ರು" ಎಂದೆ.

"ಅವ್ನು ಬುಡು ಅಂದ್ ಮ್ಯಾಲೆ ತಗ್ದ್ನಾ?"

"ಇಲ್ಲ ಸಿಸ್ಟರಮ್ಮ. ಕಡೇವರೆಗೂ ತಗೀಲಿಲ್ಲ."

ಅವರ ಮುಖದಲ್ಲಿ ನಗು ನಿಧಾನವಾಗಿ ಎದ್ದಿತು. ಮೊದಲು ಕಣ್ಣಿನ ಮೂಲೆಯಲ್ಲಿ, ಆಮೇಲೆ ಬಾಯಲ್ಲಿ, ಆಮೇಲೆ ಇಡೀ ಮಂಚ ಅಲ್ಲಾಡಿತು. "ಅಯ್ಯೋ ನನ್ ಡ್ರೈವರೇ!" ಎಂದರು. "ನಂಬ್ದೆ ಅಂದಿದ್ದು ಬ್ಯಾರೆ ಕಣೇ, ಬುಡು ಅಂದಿದ್ದು ಬ್ಯಾರೆ! ಇಬ್ರು ಗುರುಗಳು, ಅಷ್ಟು ಕೋಳಿ, ಒಬ್ಬರ್ಗಾದ್ರೂ ಹೊಳೀಲಿಲ್ವಲ್ಲೇ!"

ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿಸಿದೆ. ಪಾಸ್ಟರು ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಸಿಸ್ಟರಮ್ಮ ಕೈ ಚಾಚಿ ಅವರ ನೆರೆತ ತಲೆಯನ್ನು ಒಂದು ಸಲ ತಟ್ಟಿದರು. "ಹೋಗ್ಲಿ ಬುಡಪ್ಪ. ನೀನ್ ಹೇಳಿದ್ದೇ ಸರಿಯಾಯ್ತು" ಎಂದರು.

ಅವತ್ತು ಸಾಯಂಕಾಲ ಹೋದರು. ಡ್ರೈವರು ನಿಜವಾಗಿ ಏನೆಂದು ಹೇಳಿದನೋ ನನಗಂತೂ ಇವತ್ತಿಗೂ ಗೊತ್ತಿಲ್ಲ. ಅದು ಗೊತ್ತಿರುವವರು ಈಗ ಒಟ್ಟಿಗಿದ್ದರೆ ಸಾಕು.

ಮತ್ತೆ, ಮಕ್ಕಳೇ, ಹಬ್ಬದ ದಿನ ನೀವು ಕಾಲಿಗೆ ಬಿದ್ದರೆ ಅಜ್ಜಿ ಆಶೀರ್ವಾದ ಮಾಡಲು ತಲೆ ಮೇಲೆ ಕೈ ಇಟ್ಟ ಹಾಗೆ ಮಾಡಿ ತೆಗೆದುಬಿಡುತ್ತಾಳೆ ಎಂದು ದೂರುತ್ತಿದ್ದೀರಂತೆ, ನಿಮ್ಮಮ್ಮ ಹೇಳಿದಳು. ಅದು ಆಶೀರ್ವಾದ ಕಡಿಮೆಯಾಗಿ ಅಲ್ಲ. ನೀವು ಬುಡು ಎನ್ನುವುದಕ್ಕೆ ಮುಂಚೆ ತೆಗೆಯುತ್ತೇನೆ, ಅಷ್ಟೇ.